ಘೋಷ, ಗಾನ ಮತ್ತು ಸಭೆ: ವೇದಪಾಠವನ್ನು ವೇದಿಕೆಗೆ ತರುವ ಕುರಿತು ಒಂದು ಸಂವಾದ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮಂತ್ರಘೋಷ ಕಿವಿಗೆ ಹೊಸದಲ್ಲ. ಶೃಂಗೇರಿಯ ಶಾರದಾ ಪೀಠದಲ್ಲಿ, ಹರಿಹರಪುರದ ಮಠದಲ್ಲಿ, ನಾರ್ವೆಯಂತಹ ಊರುಗಳಲ್ಲಿ ನಡೆಯುವ ಉಪನಯನ, ಗೃಹಪ್ರವೇಶ, ರುದ್ರಾಭಿಷೇಕಗಳಲ್ಲಿ ಅದು ಕೇಳುತ್ತಲೇ ಇರುತ್ತದೆಯಾದರೂ, ಕೇಳುವವರಲ್ಲಿ ಹೆಚ್ಚಿನವರಿಗೆ ಅದು ಕರ್ಮದ ಹಿನ್ನೆಲೆಯ ಧ್ವನಿಯಾಗಿ ಉಳಿದಿದೆಯೇ ಹೊರತು ಗಮನವಿಟ್ಟು ಆಲಿಸುವ ವಸ್ತುವಾಗಿಲ್ಲ. ಅದನ್ನು ಸಭಾಂಗಣಕ್ಕೆ ತಂದು, ಟಿಕೆಟ್ಟು ಪಡೆದೋ ಪಡೆಯದೆಯೋ ಬಂದ ಶ್ರೋತೃಗಳ ಮುಂದೆ ಕಲೆಯ ಒಂದು ರೂಪವಾಗಿ ಇಡಬಹುದೇ, ಇಟ್ಟರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಯನ್ನು ಇಲ್ಲಿ ಇಬ್ಬರು ಚರ್ಚಿಸುತ್ತಾರೆ. ಒಬ್ಬರು ನಾರ್ವೆ ಸೀಮೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ನಡೆಸುವ ಸಂಘಟಕರು, ಇನ್ನೊಬ್ಬರು ಗುರುಮುಖದಿಂದ ಅಧ್ಯಯನ ಮಾಡಿದ ವೇದಪಾಠಕರು.

ಸಂಘಟಕರು: ಯುನೆಸ್ಕೊ ಸಂಸ್ಥೆಯು 2003ರಲ್ಲಿ ವೇದಪಠನ ಪರಂಪರೆಯನ್ನು ಮಾನವಕುಲದ ಮೌಖಿಕ ಹಾಗೂ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿ, 2008ರಲ್ಲಿ ಅದನ್ನು ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿಕೊಂಡಿತು. ಲೋಕವೇ ಮೆಚ್ಚಿದ ಈ ಪರಂಪರೆ ಇಲ್ಲಿ ಮನೆಬಾಗಿಲಲ್ಲಿಯೇ ಇರುವಾಗ, ಯಕ್ಷಗಾನಕ್ಕೂ ಸಂಗೀತ ಕಛೇರಿಗೂ ಸಿಗುವ ವೇದಿಕೆ ಅದಕ್ಕೇಕೆ ಸಿಗಬಾರದು?

ಪಾಠಕರು: ವೇದಿಕೆ ಸಿಗಬಾರದೆಂದು ಯಾರೂ ಹೇಳುವುದಿಲ್ಲ, ಆದರೆ ವೇದಿಕೆಗೆ ಏರುವುದು ಯಾವುದು ಎಂಬುದು ಮೊದಲು ಸ್ಪಷ್ಟವಾಗಬೇಕು. ಒಂದೇ ಹೆಸರಿನಡಿ ಸೇರಿಹೋಗಿರುವ ಮೂರು ಬಗೆಗಳಿವೆ. ಮೊದಲನೆಯದು ಋಗ್ವೇದ ಮತ್ತು ಯಜುರ್ವೇದದ ಪಾಠ. ಇದು ಮಾತಿನ ಏರಿಳಿತವನ್ನು ನಿಯಮಕ್ಕೆ ಒಳಪಡಿಸಿದ ಉಚ್ಚಾರಣೆ. ಎರಡನೆಯದು ಸಾಮಗಾನ, ಎಂದರೆ ಋಕ್ಕುಗಳನ್ನು ಸ್ವರಸಂಚಾರಕ್ಕೆ ಅಳವಡಿಸಿ ಹಾಡುವ ಕ್ರಮ. ಮೂರನೆಯದು ಸ್ತೋತ್ರ, ಶಂಕರಾಚಾರ್ಯರ ಹೆಸರಿನಲ್ಲಿ ನಡೆದುಬಂದ 'ಸೌಂದರ್ಯಲಹರಿ'ಯಂತಹ ರಚನೆಗಳು ಈ ವರ್ಗದವು, ಇವುಗಳಿಗೆ ಛಂದಸ್ಸಿನ ಕಟ್ಟು ಇದೆ, ಸ್ವರದ ಕಟ್ಟಿಲ್ಲ. ಈ ಮೂರಕ್ಕೂ ಸಭೆಯಲ್ಲಿ ಸಿಗಬೇಕಾದ ಸ್ವಾತಂತ್ರ್ಯ ಒಂದೇ ಅಳತೆಯದಲ್ಲ, ಮತ್ತು ಇಂದಿನ ಹೆಚ್ಚಿನ ಗೊಂದಲಕ್ಕೆ ಮೂಲ ಇವುಗಳನ್ನು ಬೆರೆಸಿಬಿಡುವುದೇ ಆಗಿದೆ.

ಸಂಘಟಕರು: ಮೊದಲನೆಯದರಿಂದಲೇ ವಿವರಣೆ ಆರಂಭವಾಗಲಿ. ಯಜುರ್ವೇದ ಪಾಠವನ್ನು ಕೇಳಿದವರಿಗೆ ಅದು ಮೂರೇ ಸ್ವರಗಳ ನಡುವೆ ಓಡಾಡುವಂತೆ ತೋರುತ್ತದೆ. ಎರಡು ಗಂಟೆಯ ಕಾರ್ಯಕ್ರಮವನ್ನು ಅಷ್ಟರ ಮೇಲೆ ನಿಲ್ಲಿಸಲು ಸಾಧ್ಯವೇ?

ಪಾಠಕರು: ಮೂರೇ ಎಂಬುದು ಸರಿ. ಉದಾತ್ತವೆಂದರೆ ಮೂಲ ನೆಲೆಯ ಧ್ವನಿ, ಅನುದಾತ್ತವೆಂದರೆ ಅದಕ್ಕಿಂತ ಕೆಳಗಿನದು, ಸ್ವರಿತವೆಂದರೆ ಎರಡನ್ನೂ ಸೇರಿಸಿದ್ದೆಂದು ಪಾಣಿನಿ ಲಕ್ಷಣ ಹೇಳಿದ ಧ್ವನಿಯಾದರೂ, ದಕ್ಷಿಣದ ತೈತ್ತಿರೀಯ ಪಾಠದಲ್ಲಿ ಅದು ಮೇಲಿನ ನೆಲೆಯಾಗಿಯೇ ಕೇಳುತ್ತದೆ. ಅಚ್ಚಾದ ಪುಸ್ತಕದಲ್ಲಿ ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ಉದ್ದಗೆರೆ ಇರುತ್ತದೆ, ಉದಾತ್ತಕ್ಕೆ ಗುರುತೇ ಇರುವುದಿಲ್ಲ. ಆದರೆ ಪಾಠದ ಸಂಪತ್ತು ಸ್ವರಗಳ ಸಂಖ್ಯೆಯಲ್ಲಿಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಕಲಿಯಬೇಕಾದ ಆರು ಅಂಶಗಳನ್ನು ಎಣಿಸುತ್ತದೆ: ಅಕ್ಷರದ ಶುದ್ಧಿಯಾದ ವರ್ಣ, ಏರಿಳಿತವಾದ ಸ್ವರ, ಹ್ರಸ್ವದೀರ್ಘಗಳ ಕಾಲಮಾನವಾದ ಮಾತ್ರೆ, ಉಚ್ಚಾರಣೆಯ ಪ್ರಯತ್ನವಾದ ಬಲ, ಸಮಗತಿಯಾದ ಸಾಮ, ಪದದಿಂದ ಪದಕ್ಕೆ ಕೂಡುವ ಸಂತಾನ. ಕೇಳುಗನಿಗೆ ಈ ಆರನ್ನು ತಿಳಿಸಿಕೊಟ್ಟರೆ, ಏಕತಾನವೆಂದು ತೋರಿದ್ದು ಒಳಗೆ ಎಷ್ಟು ಚಲನೆಯಿಂದ ಕೂಡಿದೆ ಎಂಬುದು ಅವನಿಗೆ ಗೊತ್ತಾಗುತ್ತದೆ.

ಸಂಘಟಕರು: ಆ ಚಲನೆಯನ್ನು ಸಾಮಾನ್ಯ ಶ್ರೋತೃವಿಗೆ ತೋರಿಸುವ ಉದಾಹರಣೆ ಯಾವುದಾದರೂ ಇದೆಯೇ?

ಪಾಠಕರು: ಘನಪಾಠಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಒಂದು ವಾಕ್ಯದ ಪದಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟುಕೊಂಡರೆ, ಕ್ರಮಪಾಠವು ಒಂದು-ಎರಡು, ಎರಡು-ಮೂರು ಎಂದು ಜೋಡಿಯಾಗಿ ಸಾಗುತ್ತದೆ; ಜಟೆಯು ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದೆ ಮುಂದೆ ಹೆಣೆಯುತ್ತದೆ; ಘನವು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಸುತ್ತಿ ಮುಂದಿನ ಪದಕ್ಕೆ ದಾಟುತ್ತದೆ. ಪದಗಳ ಸ್ಥಾನ ಬದಲಾದಂತೆಲ್ಲ ಸಂಧಿಯೂ ಸ್ವರವೂ ಬದಲಾಗುವುದರಿಂದ, ಘನಪಾಠಿಯಾದವನು ಬಾಯಿಪಾಠ ಒಪ್ಪಿಸುವುದರ ಜೊತೆಗೆ ವ್ಯಾಕರಣದ ಲೆಕ್ಕವನ್ನೂ ಆ ಕ್ಷಣದಲ್ಲಿಯೇ ಮಾಡುತ್ತಿರುತ್ತಾನೆ. ಒಂದಕ್ಷರ ಕಳೆದುಹೋಗದಂತೆ ಕಾಪಾಡಲು ಹುಟ್ಟಿದ ಈ ಉಪಾಯ ಕೇಳುವಾಗ ಲಯವಿನ್ಯಾಸವಾಗಿಯೂ ರುಚಿಸುತ್ತದೆ. ಇಬ್ಬರು ಘನಪಾಠಿಗಳು ಎದುರುಬದುರು ಕುಳಿತು ಒಂದೇ ಉಸಿರಿನ ಓಟದಲ್ಲಿ ಹೇಳುವುದನ್ನು ಸಭೆ ಬೇಸರದಿಂದ ಕೇಳುವುದಿಲ್ಲ.

ಸಂಘಟಕರು: ಹಾಗಾದರೆ ಸಾಮಗಾನ ವೇದಿಕೆಗೆ ಇನ್ನೂ ಹತ್ತಿರದ್ದಾಗಬೇಕು, ಏಕೆಂದರೆ ಭಾರತೀಯ ಸಂಗೀತದ ಮೂಲ ಸಾಮವೇದವೆಂಬ ಮಾತು ಪ್ರತಿಯೊಂದು ಕಛೇರಿಯ ಸ್ವಾಗತ ಭಾಷಣದಲ್ಲಿಯೂ ಕೇಳಿಬರುತ್ತದೆ.

ಪಾಠಕರು: ಆ ಮಾತನ್ನು ಹೇಳುವವರಲ್ಲಿ ಸಾಮವನ್ನು ಕೇಳಿದವರು ಕಡಿಮೆ. ಕೌಥುಮ ಶಾಖೆಯ ಸಂಹಿತೆಯಲ್ಲಿರುವ 1875 ಮಂತ್ರಗಳಲ್ಲಿ ಬಹುಪಾಲು ಋಗ್ವೇದದವೇ. ಸಾಮದ ವಿಶೇಷವಿರುವುದು ಮಂತ್ರದ ಅರ್ಥದಲ್ಲಿ ಅಲ್ಲ, ಅದನ್ನು ಹಾಡಾಗಿಸುವ ಗಾನಗ್ರಂಥಗಳಲ್ಲಿ. ಅಲ್ಲಿ ಅಕ್ಷರಗಳು ಹಿಗ್ಗುತ್ತವೆ, ಒಡೆಯುತ್ತವೆ, ನಡುನಡುವೆ 'ಹಾಉ', 'ಹೋಇ' ಮುಂತಾದ ಅರ್ಥವಿಲ್ಲದ ಅಕ್ಷರಗಳು ಸೇರಿಕೊಳ್ಳುತ್ತವೆ. ಇವುಗಳಿಗೆ ಸ್ತೋಭವೆಂದು ಹೆಸರು. ಯಜ್ಞದಲ್ಲಿ ಒಂದು ಸಾಮವನ್ನು ಪ್ರಸ್ತಾವ, ಉದ್ಗೀಥ, ಪ್ರತಿಹಾರ, ಉಪದ್ರವ, ನಿಧನ ಎಂದು ಐದು ಭಾಗ ಮಾಡಿ, ಪ್ರಸ್ತೋತೃ, ಉದ್ಗಾತೃ, ಪ್ರತಿಹರ್ತೃ ಎಂಬ ಮೂವರು ಋತ್ವಿಜರು ಹಂಚಿಕೊಂಡು ಹಾಡುತ್ತಾರೆ. ಹಾಡುವವನ ಬಲಗೈಯನ್ನು ನೋಡಿದರೆ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತಾ ಸ್ವರದಿಂದ ಸ್ವರಕ್ಕೆ ಚಲಿಸುತ್ತಿರುತ್ತದೆ. ಶರೀರವನ್ನೇ ವಾದ್ಯವಾಗಿಸಿದ ಈ ಕ್ರಮವನ್ನು 'ನಾರದೀಯ ಶಿಕ್ಷೆ'ಯು ಗಾತ್ರವೀಣೆ ಎಂದು ಕರೆಯುತ್ತದೆ. ಅದೇ ಗ್ರಂಥವು ಸಾಮದ ಪ್ರಥಮ ಸ್ವರವನ್ನು ಕೊಳಲಿನ ಮಧ್ಯಮಕ್ಕೂ, ದ್ವಿತೀಯವನ್ನು ಗಾಂಧಾರಕ್ಕೂ, ತೃತೀಯವನ್ನು ಋಷಭಕ್ಕೂ, ಚತುರ್ಥವನ್ನು ಷಡ್ಜಕ್ಕೂ ಹೊಂದಿಸಿ ಹೇಳುತ್ತದೆ. ಎಂದರೆ ಸಾಮದ ಸ್ವರಗಳನ್ನು ಎಣಿಸುವುದು ಮೇಲಿನಿಂದ ಕೆಳಕ್ಕೆ. ಸಾ-ರಿ-ಗ-ಮ ಎಂದು ಏರುವ ಕ್ರಮಕ್ಕೆ ಒಗ್ಗಿದ ಕಿವಿಗೆ ಇದು ವಿಚಿತ್ರವಾಗಿ ಕೇಳುತ್ತದೆ, ಮತ್ತು ಆ ವಿಚಿತ್ರತೆಯನ್ನು ತಿದ್ದಿ ಹಿತಗೊಳಿಸುವ ಆಸೆ ಹುಟ್ಟುವುದು ಇಲ್ಲಿಯೇ.

ಸಂಘಟಕರು: ಹಿತಗೊಳಿಸಿದರೆ ತಪ್ಪೇನು? ತಂಬೂರಿಯ ಶ್ರುತಿ, ಕೊಳಲಿನ ಮೆಲುದನಿ, ಕೊಂಚ ರಾಗದ ಬಣ್ಣ ಸೇರಿದರೆ ಯುವಜನರೂ ಕುಳಿತು ಕೇಳುತ್ತಾರೆ. ಮಾರುಕಟ್ಟೆಯಲ್ಲಿರುವ ಹೆಚ್ಚಿನ ಮಂತ್ರದ ಧ್ವನಿಮುದ್ರಿಕೆಗಳು ಹೀಗೆಯೇ ತಯಾರಾದವು.

ಪಾಠಕರು: 'ಪಾಣಿನೀಯ ಶಿಕ್ಷೆ'ಯು ಅಧಮ ಪಾಠಕರನ್ನು ಆರು ವಿಧವಾಗಿ ಎಣಿಸುವಾಗ ಮೊದಲ ಸ್ಥಾನ ಕೊಟ್ಟಿರುವುದು ರಾಗವೆಳೆದು ಹಾಡುವವನಿಗೆ, ಅವಸರದಿಂದ ಹೇಳುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಕುಗ್ಗಿದವನು ಆಮೇಲೆ ಬರುತ್ತಾರೆ. ಇದು ಸಂಗೀತದ ಮೇಲಿನ ಸಿಟ್ಟಿನ ಮಾತಲ್ಲ, ಏಕೆಂದರೆ ಅದೇ ಗ್ರಂಥ ಒಳ್ಳೆಯ ಪಾಠಕನ ಗುಣಗಳಲ್ಲಿ ಮಾಧುರ್ಯವನ್ನೂ ಸುಸ್ವರವನ್ನೂ ಲಯವನ್ನೂ ಸೇರಿಸಿದೆ. ಆಕ್ಷೇಪವಿರುವುದು ರಾಗದ ಚಲನೆಗೆ ಅಕ್ಷರದ ಕಾಲವನ್ನು ಬಲಿಕೊಡುವುದಕ್ಕೆ. ರಾಗಕ್ಕೆ ಬೇಕೆಂದು ಹ್ರಸ್ವವನ್ನು ಎಳೆದರೆ ಮಾತ್ರೆ ಕೆಡುತ್ತದೆ, ಸ್ವರವನ್ನು ಅಲುಗಿಸುವ ಗಮಕ ಹಾಕಿದರೆ ಉದಾತ್ತ ಯಾವುದು ಸ್ವರಿತ ಯಾವುದು ಎಂಬ ಭೇದ ಮಸುಕಾಗುತ್ತದೆ. ಶ್ರುತಿಪೆಟ್ಟಿಗೆಯಂತಹ ನಿರಪಾಯಕರವೆಂದು ತೋರುವ ಸಾಧನವೂ ಪಾಠದ ಮೂಲ ನೆಲೆಯನ್ನು ಷಡ್ಜವನ್ನಾಗಿ ಮಾಡಿಬಿಡುತ್ತದೆ. ಕೇಳುಗನ ಮನಸ್ಸು ಅದರ ಆಧಾರದ ಮೇಲೆ ರಾಗವನ್ನು ಹುಡುಕತೊಡಗುತ್ತದೆ, ಪಾಠಕನ ಗಂಟಲೂ ತಿಳಿಯದೆಯೇ ಆ ಕಡೆಗೆ ವಾಲುತ್ತದೆ.

ಸಂಘಟಕರು: ಆದರೂ ಶೃಂಗೇರಿಯ ಪರಂಪರೆ ಸಂಗೀತವನ್ನು ದೂರವಿಟ್ಟದ್ದಲ್ಲ. 1380ರಿಂದ 1386ರವರೆಗೆ ಪೀಠದಲ್ಲಿದ್ದ ವಿದ್ಯಾರಣ್ಯರೇ 'ಸಂಗೀತಸಾರ'ವೆಂಬ ಗ್ರಂಥ ಬರೆದರೆಂದು ಹೇಳುತ್ತಾರೆ.

ಪಾಠಕರು: ಆ ಗ್ರಂಥ ಇಂದು ಸಿಗುವುದಿಲ್ಲ, ಹದಿನೇಳನೆಯ ಶತಮಾನದ ತಂಜಾವೂರಿನಲ್ಲಿ ಗೋವಿಂದ ದೀಕ್ಷಿತರು 'ಸಂಗೀತಸುಧಾ'ದಲ್ಲಿ ಅದನ್ನು ಉಲ್ಲೇಖಿಸಿ, ಅದರಲ್ಲಿ 15 ಮೇಳಗಳನ್ನೂ 50 ರಾಗಗಳನ್ನೂ ಹೇಳಿದೆ ಎಂದಿರುವುದರಿಂದ ಅದರ ಹೆಸರು ಉಳಿದಿದೆ. ವಿದ್ಯಾರಣ್ಯರಿದ್ದ ಅದೇ ಹದಿನಾಲ್ಕನೆಯ ಶತಮಾನದಲ್ಲಿ, ಬುಕ್ಕರಾಯನ ಆಶ್ರಯದಲ್ಲಿ ಸಾಯಣಾಚಾರ್ಯರು ಸಾಮವೇದವೂ ಸೇರಿದಂತೆ ವೇದಗಳಿಗೆ ಭಾಷ್ಯ ಬರೆದರು. ಮೇಳರಾಗಗಳ ವಿಚಾರವೂ ವೇದದ ವಿಚಾರವೂ ಒಂದೇ ವಿದ್ವತ್ ವಲಯದಲ್ಲಿ ನಡೆದರೂ ಅವು ಬೇರೆಬೇರೆ ಶಾಸ್ತ್ರಗಳಾಗಿಯೇ ಉಳಿದವು ಎಂಬುದನ್ನು ಇಲ್ಲಿ ಗಮನಿಸಬೇಕು. ಇದರ ಪ್ರಯೋಗರೂಪ ಬೇಕಾದರೆ ಕರ್ನಾಟಕದ ದೇವಾಲಯಗಳ ಅಷ್ಟಾವಧಾನ ಸೇವೆಯನ್ನು ನೋಡಬಹುದು. ಮಂಗಳಾರತಿಯ ಬಳಿಕ ಅರ್ಚಕರು ಒಂದೊಂದು ಸೇವೆಯನ್ನೂ ಹೆಸರಿಸಿ ಅವಧರಿಸಬೇಕೆಂದು ದೇವರಲ್ಲಿ ವಿಜ್ಞಾಪಿಸುತ್ತಾರೆ. ಋಗ್ವೇದದವರು ಒಂದು ಮಂತ್ರ ಹೇಳುತ್ತಾರೆ, ಬಳಿಕ ಯಜುಸ್ಸು, ಸಾಮ, ಅಥರ್ವಗಳು, ಆಮೇಲೆ ಶಾಸ್ತ್ರ, ಪುರಾಣಗಳು, ಕೊನೆಗೆ ಸಂಗೀತ ಮತ್ತು ವಾದ್ಯ. ಪ್ರತಿಯೊಂದೂ ತನ್ನ ಸರದಿಗೆ ಬಂದು ತನ್ನ ರೂಪದಲ್ಲಿಯೇ ಮುಗಿಯುತ್ತದೆ. ಕಾರ್ಯಕ್ರಮದ ಕ್ರಮ, ನಿರೂಪಣೆ, ವೈವಿಧ್ಯ ಇವೆಲ್ಲ ಇರುವ ಈ ಸೇವೆಯಲ್ಲಿ ಬೆರಕೆ ಮಾತ್ರ ಇಲ್ಲ.

ಸಂಘಟಕರು: ಅಲ್ಲಿ ಕೇಳುವವನು ದೇವರು, ಸಭೆಯಲ್ಲಿ ಕೇಳುವವರು ಜನ. ಈ ಜನರ ವಿಚಾರವಾಗಿ ಒಂದು ಕಟುಸತ್ಯವನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣದ ಭಾಷ್ಯದಲ್ಲಿ ಶಂಕರಾಚಾರ್ಯರು ಸ್ಮೃತಿಗಳನ್ನು ಆಧಾರವಾಗಿಟ್ಟು ಶೂದ್ರರಿಗೆ ವೇದಶ್ರವಣದ ಅಧಿಕಾರವಿಲ್ಲವೆಂದು ನಿರ್ಣಯಿಸಿದ್ದಾರೆ, ಸ್ತ್ರೀಯರಿಗೂ ಅಧ್ಯಯನದ ಬಾಗಿಲು ಮುಚ್ಚಿಯೇ ಇತ್ತು. ಹೀಗಿರುವಾಗ ಪರಂಪರೆಯಲ್ಲಿ ವೇದಕ್ಕೆ ಸಾರ್ವಜನಿಕ ಶ್ರೋತೃವೆಂಬವನು ಇರಲೇ ಇಲ್ಲ. ಆಕಾಶವಾಣಿ, ಧ್ವನಿಸುರುಳಿ ಮತ್ತು ಸಭಾಂಗಣಗಳೇ ಅವನನ್ನು ಸೃಷ್ಟಿಸಿದವು. ಪಾಠಶುದ್ಧಿಯ ಮಾತನಾಡುವವರು ಈ ಬಾಗಿಲನ್ನು ತೆರೆದದ್ದು ಶಾಸ್ತ್ರವಲ್ಲ, ವೇದಿಕೆ ಎಂಬುದನ್ನು ಒಪ್ಪಬೇಕಲ್ಲವೇ?

ಪಾಠಕರು: ಒಪ್ಪಲೇಬೇಕು, ಮತ್ತು ವೇದಿಕೆಯ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಅತ್ಯಂತ ಬಲವಾದದ್ದು. ಸಂರಕ್ಷಣೆ, ಪ್ರಚಾರ ಎಂಬ ಕಾರಣಗಳು ಇದರ ಮುಂದೆ ಚಿಕ್ಕವು. ಹಾಗೆಂದೇ ಹೊಸ ಶ್ರೋತೃವಿಗೆ ಸಲ್ಲಬೇಕಾದದ್ದು ಸಡಿಲಗೊಳಿಸಿದ ಸರಕಲ್ಲ. ಶತಮಾನಗಳ ಕಾಲ ಹೊರಗಿಟ್ಟವರಿಗೆ ಈಗ ಬಾಗಿಲು ತೆರೆದು, ಒಳಗಿದ್ದ ಪಾಠದ ಬದಲು ಕೊಳಲು ಸೇರಿಸಿದ ನಕಲನ್ನು ಕೈಗಿತ್ತರೆ ಅದು ಎರಡನೆಯ ವಂಚನೆಯಾಗುತ್ತದೆ. ಕೇಳುವ ಅಧಿಕಾರ ಎಲ್ಲರಿಗೂ ಇದೆ ಎಂದಾದರೆ, ಸರಿಯಾದದ್ದನ್ನು ಕೇಳುವ ಅಧಿಕಾರವೂ ಎಲ್ಲರಿಗೂ ಇದೆ.

ಸಂಘಟಕರು: ಯುರೋಪಿನಲ್ಲಿ ಮಧ್ಯಯುಗದ ಚರ್ಚಿನ ಗ್ರೆಗೋರಿಯನ್ ಗಾನವನ್ನು ಇಂದು ಸಭಾಂಗಣಗಳಲ್ಲಿ ಹಾಡುವ ತಂಡಗಳಿವೆ. ಅವರ ಅನುಭವದಿಂದ ಇಲ್ಲಿಗೆ ಪಾಠವೇನಾದರೂ ಇದೆಯೇ?

ಪಾಠಕರು: ಅಲ್ಲಿನ ಸಮಸ್ಯೆ ಇಲ್ಲಿಯದಕ್ಕೆ ತಿರುವುಮುರುವಾದದ್ದು. ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಮಠದಲ್ಲಿ ಹತ್ತನೆಯ ಶತಮಾನದ ಹಸ್ತಪ್ರತಿಗಳಿವೆ. ಅವುಗಳಲ್ಲಿ ಪದಗಳ ಮೇಲೆ ನ್ಯೂಮ್ ಎಂಬ ಸಣ್ಣ ಗೀರುಗಳಿದ್ದು, ದನಿ ಏರಬೇಕೋ ಇಳಿಯಬೇಕೋ ಎಂಬುದನ್ನು ಸೂಚಿಸುತ್ತವೆ, ಆದರೆ ಎಷ್ಟು ಏರಬೇಕೆಂಬುದನ್ನು ಹೇಳುವುದಿಲ್ಲ, ಏಕೆಂದರೆ ಅದು ಹಾಡುಗನಿಗೆ ಬಾಯಿಪಾಠವಾಗಿತ್ತು. ಆ ಬಾಯಿಪಾಠದ ಸರಣಿ ಕಡಿದುಹೋದದ್ದರಿಂದ, 1833ರಲ್ಲಿ ಮರುಜೀವ ಪಡೆದ ಫ್ರಾನ್ಸಿನ ಸೊಲೆಮ್ ಮಠದ ಸನ್ಯಾಸಿಗಳು ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಗಾನವನ್ನು ಪುನಾರಚಿಸಬೇಕಾಯಿತು. ಲಯ ಹೇಗಿತ್ತು, ದನಿಯ ಬಣ್ಣ ಹೇಗಿತ್ತು ಎಂಬ ವಾದ ಇಂದಿಗೂ ನಿಂತಿಲ್ಲ. ಅಲ್ಲಿ ಬರಹ ಉಳಿಯಿತು, ಬಾಯಿ ಹೋಯಿತು. ಇಲ್ಲಿ ಗುರು ಒಮ್ಮೆ ಹೇಳಿ ಶಿಷ್ಯ ಎರಡು ಸಲ ಹೇಳುವ ಸಂಥೆಯ ಕ್ರಮದಿಂದ ಬಾಯಿಯೇ ಉಳಿದಿದೆ. ಆದ್ದರಿಂದ ಅಲ್ಲಿನ ಹಾಡುಗರಿಗೆ ಊಹೆ ಅನಿವಾರ್ಯವಾದರೆ, ಇಲ್ಲಿ ಊಹಿಸುವವನು ಪಕ್ಕದಲ್ಲಿರುವ ಗುರುವನ್ನು ಕೇಳದೆ ಊಹಿಸುತ್ತಿದ್ದಾನೆ ಎಂದೇ ಅರ್ಥ. ಇನ್ನೊಂದು ಎಚ್ಚರಿಕೆಯೂ ಅಲ್ಲಿಂದ ಬರುತ್ತದೆ. ಸ್ಪೇನಿನ ಸಾಂತೊ ದೊಮಿಂಗೊ ದೆ ಸಿಲೋಸ್ ಮಠದ ಸನ್ಯಾಸಿಗಳ ಹಳೆಯ ಧ್ವನಿಮುದ್ರಣಗಳನ್ನು 1994ರಲ್ಲಿ ಮರುಪ್ರಕಟಿಸಿದಾಗ ಲಕ್ಷಾಂತರ ಪ್ರತಿಗಳು ಖರ್ಚಾದವು, ಆದರೆ ಅವು ಮಾರಾಟವಾದದ್ದು ಬಹುಮಟ್ಟಿಗೆ ಮನಸ್ಸಿನ ಒತ್ತಡ ಕಳೆಯುವ ಸಾಧನವಾಗಿ. ರುದ್ರವನ್ನು ನಿದ್ರೆಗೆ ಸಹಾಯಕವೆಂದು ಮಾರುವವರು ಈಗ ಇಲ್ಲಿಯೂ ಇದ್ದಾರೆ.

ಸಂಘಟಕರು: ಸ್ತೋತ್ರಗಳ ವಿಷಯದಲ್ಲಿಯೂ ಇಷ್ಟೇ ಬಿಗಿಯೇ?

ಪಾಠಕರು: ಅಲ್ಲ. 'ಸೌಂದರ್ಯಲಹರಿ' ಶಿಖರಿಣೀ ವೃತ್ತದಲ್ಲಿದೆ. ಪಾದಕ್ಕೆ 17 ಅಕ್ಷರ, ಆರನೆಯ ಅಕ್ಷರದ ಬಳಿಕ ಯತಿ, ಎಂದರೆ ನಿಲುಗಡೆ. ಗುರುಲಘುಗಳನ್ನೂ ಯತಿಯನ್ನೂ ಕಾಯ್ದುಕೊಂಡರೆ ರಾಗ ಯಾವುದಾದರೂ ಆಗಬಹುದು, ವಾದ್ಯವೂ ಇರಬಹುದು. ಅಧಿಕಾರದ ಪ್ರಶ್ನೆಯೂ ಇಲ್ಲಿ ಹಗುರವಾಗುತ್ತದೆ. 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಸೌಂದರ್ಯಲಹರಿ ಪಾರಾಯಣೋತ್ಸವದ ಮಹಾಸಮರ್ಪಣೆಯಲ್ಲಿ ಬಹುದೊಡ್ಡ ಸಮುದಾಯವೇ ಕೂಡಿ ಸ್ತೋತ್ರವನ್ನು ಪಠಿಸಿತು; ಅಲ್ಲಿ ವೇದಿಕೆ ಮತ್ತು ಸಭೆಯೆಂಬ ಭೇದವೇ ಅಳಿದು, ಕೇಳಲು ಬಂದವರೇ ಹೇಳುವವರಾದರು. ಮಧ್ಯಯುಗದ ಭಕ್ತಿಪಠನವನ್ನು ಇಂದಿನ ಜನಕ್ಕೆ ತಲಪಿಸುವ ಒಂದು ದಾರಿ ಇದು. ಸ್ತೋತ್ರಕ್ಕೆ ಒಪ್ಪುವ ಈ ದಾರಿಯನ್ನು ಘನಪಾಠಕ್ಕೆ ಹಿಡಿಯಲಾಗದು, ಏಕೆಂದರೆ ಅದರ ಹಿಂದೆ ವರ್ಷಗಟ್ಟಲೆ ನಡೆಯುವ ಅಧ್ಯಯನವಿರುತ್ತದೆ.

ಸಂಘಟಕರು: ವಾದ್ಯವಿಲ್ಲ, ರಾಗವಿಲ್ಲ, ಜನ ಸೇರಿ ಹೇಳುವುದೂ ಇಲ್ಲವೆಂದಾದರೆ ವೇದಪಾಠವನ್ನು ಸಭೆಯಲ್ಲಿ ಗ್ರಾಹ್ಯವಾಗಿಸುವ ಉಪಾಯವಾದರೂ ಯಾವುದು?

ಪಾಠಕರು: ಉಪಾಯ ಕನ್ನಡದಲ್ಲಿಯೇ ಇದೆ, ಅದು ಗಮಕದ ಮಾದರಿ. ಕಾವ್ಯವಾಚನವೆಂದೂ ಕರೆಯುವ ಈ ಕಲೆಯಲ್ಲಿ ಗಮಕಿಯು ಕುಮಾರವ್ಯಾಸನ ಭಾರತವನ್ನೋ, ಕೊಪ್ಪ, ಶೃಂಗೇರಿಗಳಿರುವ ಈ ಜಿಲ್ಲೆಯವನೇ ಆದ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ವನ್ನೋ ರಾಗದಲ್ಲಿ ವಾಚಿಸುತ್ತಾನೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಪದ್ಯ ಮುಗಿದೊಡನೆ ಅರ್ಥ, ಸಂದರ್ಭ, ಸ್ವಾರಸ್ಯಗಳನ್ನು ಬಿಡಿಸುತ್ತಾನೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ದೊರೆತದ್ದು ಈ ಕಲೆಗೆ ಸಂದ ಮನ್ನಣೆ. ಕಠಿಣವಾದ ಹಳೆಯ ಪಠ್ಯವನ್ನು ಒಂದಕ್ಷರ ಬದಲಿಸದೆ ಸಾಮಾನ್ಯ ಸಭೆಗೆ ಮುಟ್ಟಿಸುವ ಕೆಲಸವನ್ನು ಈ ಜೋಡಿ ಮಾಡುತ್ತ ಬಂದಿದೆ. ವೇದಪಾಠಕ್ಕೂ ಅದೇ ಜೋಡಿ ಸಾಕು. ಪಾಠಕರು ಒಂದು ಅನುವಾಕವನ್ನು, ಎಂದರೆ ಮಂತ್ರಗಳ ಒಂದು ಪೂರ್ಣ ಖಂಡವನ್ನು ಹೇಳಿ ಮುಗಿಸಲಿ. ವ್ಯಾಖ್ಯಾನಕಾರ ಅರ್ಥದ ಜೊತೆಗೆ ಸ್ವರ, ಮಾತ್ರೆ, ಸಂಧಿಗಳನ್ನೂ ಬಿಡಿಸಿ, ಅದೇ ವಾಕ್ಯವನ್ನು ಪದ, ಕ್ರಮ, ಘನಗಳಲ್ಲಿ ಪಾಠಕರಿಂದ ಹೇಳಿಸಿ ತೋರಿಸಲಿ. ಕೊನೆಗೆ ಅನುವಾಕವನ್ನು ಇನ್ನೊಮ್ಮೆ ಇಡಿಯಾಗಿ ಕೇಳಿಸಲಿ. ಎರಡನೆಯ ಸಲ ಕೇಳುವ ಸಭೆ ಮೊದಲ ಸಲದ ಸಭೆಯಾಗಿರುವುದಿಲ್ಲ.

ಸಂಘಟಕರು: ವೇದಿಕೆಯ ವ್ಯವಸ್ಥೆಯ ವಿಚಾರದಲ್ಲಿ ಗಮನಿಸಬೇಕಾದದ್ದು ಏನಿದೆ?

ಪಾಠಕರು: ಮುಖ್ಯವಾಗಿ ಮೈಕಿನ ವಿಷಯ. ಗುಂಪುಘೋಷದಲ್ಲಿ ಒಬ್ಬನ ಉಸಿರು ಮುಗಿಯುವಾಗ ಇನ್ನೊಬ್ಬನ ದನಿ ಎತ್ತಿಕೊಳ್ಳುವುದರಿಂದ ಪ್ರವಾಹ ಕಡಿಯುವುದಿಲ್ಲ. ಪ್ರತಿಯೊಬ್ಬನ ಬಾಯಿಗೂ ಒಂದು ಮೈಕು ಹಿಡಿದರೆ ಆ ಹೆಣಿಗೆ ಬಿಡಿಬಿಡಿಯಾಗಿ ಕೇಳುತ್ತದೆ, ಪ್ರತಿಧ್ವನಿಯ ಯಂತ್ರ ಸೇರಿಸಿದರೆ ಮಾತ್ರೆಗಳು ಒಂದರ ಮೇಲೊಂದು ಬಿದ್ದು ಹ್ರಸ್ವವೂ ದೀರ್ಘದಂತಾಗುತ್ತದೆ. ಇನ್ನೂರು ಮುನ್ನೂರು ಜನ ಹಿಡಿಸುವ ಸಭಾಂಗಣದಲ್ಲಿ ಬರಿಯ ದನಿಯೇ ಸಾಕು. ಸಾಮಗಾನಕ್ಕಾದರೆ ಕೈಯ ಚಲನೆ ಕಾಣುವಂತೆ ಸಾಮಗರನ್ನು ಸಭೆಯ ಎದುರಿಗೆ ಕೂರಿಸಬೇಕು, ಸಾಲಾಗಿ ಪಕ್ಕಕ್ಕಲ್ಲ. ಹಾಡುವವರ ಶಾಖೆಯನ್ನೂ ಹೇಳಬೇಕು, ಏಕೆಂದರೆ ಕೌಥುಮದ ಸಾಮವೂ, ಉತ್ತರ ಕನ್ನಡದ ಹವ್ಯಕರಲ್ಲಿ ಉಳಿದುಬಂದ ರಾಣಾಯನೀಯ ಸಾಮವೂ, ಕೇರಳ ಮತ್ತು ತಮಿಳುನಾಡಿನ ಜೈಮಿನೀಯ ಸಾಮವೂ ಕೇಳಲು ಒಂದೇ ರೀತಿ ಇರುವುದಿಲ್ಲ.

ಸಂಘಟಕರು: ಮಂತ್ರವನ್ನು ಆಧರಿಸಿ ಹೊಸ ಸಂಗೀತ ಸಂಯೋಜನೆ ಮಾಡುವ ಕಲಾವಿದರನ್ನು ಹಾಗಾದರೆ ಕರೆಯುವುದೇ ಬೇಡವೇ?

ಪಾಠಕರು: ಕರೆಯಬಹುದು, ಅವರ ಕೆಲಸಕ್ಕೆ ಅದರದೇ ಆದ ಬೆಲೆ ಇದೆ. ಆಹ್ವಾನ ಪತ್ರಿಕೆಯಲ್ಲಿ ಅದನ್ನು ವೇದಘೋಷವೆಂದು ಅಚ್ಚು ಹಾಕದೆ ಸಂಯೋಜಕರ ಹೆಸರು ಹಾಕಿ ಸಂಗೀತವೆಂದೇ ಕರೆದರೆ ಯಾರಿಗೂ ಮೋಸವಾಗುವುದಿಲ್ಲ. ಅಷ್ಟಾವಧಾನದಲ್ಲಿರುವಂತೆ ಪಾಠ ಮುಗಿದ ಬಳಿಕ ಸಂಗೀತ ತನ್ನ ಸರದಿಗೆ ಬರಲಿ, ಒಂದರ ಕೆಳಗೆ ಇನ್ನೊಂದು ಹಿನ್ನೆಲೆಯಾಗಿ ಕೂರುವುದು ಬೇಡ.

ಇಬ್ಬರ ಅಭಿಪ್ರಾಯಗಳು ಕೂಡಿದ ನೆಲೆಯನ್ನು ಹೀಗೆ ಸಂಗ್ರಹಿಸಬಹುದು. ವೇದಪಾಠವು ಸಭೆಗೆ ಬರುವುದು ಪರಂಪರೆಗೆ ಹಾನಿಯಲ್ಲ, ಪರಂಪರೆ ಮುಚ್ಚಿಟ್ಟಿದ್ದ ಬಾಗಿಲನ್ನು ತೆರೆಯುವ ನ್ಯಾಯವಾದ ಕ್ರಮ; ಸಭೆಗಾಗಿ ಸ್ಥಳ, ಅವಧಿ, ಕ್ರಮ, ವಿವರಣೆ ಇವೆಲ್ಲವನ್ನೂ ಬದಲಿಸಬಹುದು, ವರ್ಣ ಸ್ವರ ಮಾತ್ರೆಗಳನ್ನು ಬದಲಿಸುವಂತಿಲ್ಲ. ನಾರ್ವೆಯಲ್ಲಾಗಲಿ, ಕೊಪ್ಪದಲ್ಲಾಗಲಿ, ನರಸಿಂಹರಾಜಪುರದಲ್ಲಾಗಲಿ ಇಂತಹ ಕಾರ್ಯಕ್ರಮವನ್ನು ಯೋಜಿಸುವವರು ಕೊಳಲಿನವರಿಗೂ ಬೆಳಕಿನ ವ್ಯವಸ್ಥೆಯವರಿಗೂ ಹೇಳಿಕಳುಹಿಸುವ ಮುನ್ನ ಒಬ್ಬ ಒಳ್ಳೆಯ ವ್ಯಾಖ್ಯಾನಕಾರರನ್ನು ಗೊತ್ತುಮಾಡಿಕೊಳ್ಳಬೇಕು. ಪಾಠಕರು ಈ ಸೀಮೆಯಲ್ಲಿ ಸಿಗುತ್ತಾರೆ, ಕೊರತೆಯಿರುವುದು ಅವರ ಪಾಠವನ್ನು ಎಲ್ಲ ಜನಕ್ಕೂ ಬಿಡಿಸಿ ಹೇಳುವವರದು.